ಯುದ್ಧ ಮುಗಿದ ಬೆಟ್ಟಗಳಲ್ಲಿ ನಲ್ಲಿ ಕಾಯುವವರು

ನೇಪಾಳದ ಮಾವೋವಾದಿ ಯುದ್ಧದ ಕಾಲದಲ್ಲಿ ‘ಸಾಕೆಟ್ ಬಾಂಬ್’ ಎಂಬ ಹೆಸರು ಅಲ್ಲಿನ ಮಕ್ಕಳಿಗೂ ಗೊತ್ತಿತ್ತು. ನೀರಿನ ಪೈಪುಗಳನ್ನು ಒಂದಕ್ಕೊಂದು ಜೋಡಿಸಲು ಬಳಸುವ ಕಬ್ಬಿಣದ ಸಾಕೆಟ್‌ಗೆ ಸಿಡಿಮದ್ದು ತುಂಬಿ, ಬತ್ತಿ ಹೊತ್ತಿಸಿ ಎಸೆಯುತ್ತಿದ್ದ ಕೈಬಾಂಬು ಅದು. ಬಂದೂಕು ಸಾಲದಿದ್ದ ಬಂಡುಕೋರರು ಅದನ್ನು ಊರಲ್ಲೇ ತಯಾರಿಸಿಕೊಳ್ಳುತ್ತಿದ್ದರು. ಯುದ್ಧ ನಿಂತ ಮೇಲೂ ಹೊಲದ ಬದುವಿನಲ್ಲಿ, ಕಾಡಿನ ಅಂಚಿನಲ್ಲಿ ಬಿದ್ದಿದ್ದ ಇಂಥ ಬಾಂಬುಗಳನ್ನು ಆಟದ ಸಾಮಾನೆಂದು ಎತ್ತಿಕೊಂಡ ಮಕ್ಕಳು ಕೈ, ಕಣ್ಣು ಕಳೆದುಕೊಂಡರು. ಬೆಟ್ಟದ ಒರತೆಯಿಂದ ಊರಿನ ನಲ್ಲಿಗೆ ನೀರು ತರಬೇಕಿದ್ದ ವಸ್ತುವಿಗೆ ಒದಗಿದ ಗತಿ ಇದು. ಹತ್ತು ವರ್ಷಗಳ ಯುದ್ಧದಲ್ಲಿ ಆ ದೇಶದ ಹಳ್ಳಿಗಳ ಕುಡಿಯುವ ನೀರಿಗೆ ಏನಾಯಿತು, ಆಮೇಲೆ ಅದು ಯಾರ ಕೈಗೆ ಬಂತು ಎಂದು ನೋಡುತ್ತಾ ಹೋದರೆ ಒಂದು ರಾಷ್ಟ್ರ ಮತ್ತೆ ತನ್ನ ಹಳ್ಳಿಗಳ ವಿಶ್ವಾಸ ಗಳಿಸಲು ಪಟ್ಟ ಪಾಡೆಲ್ಲ ಕಣ್ಣಿಗೆ ಬೀಳುತ್ತದೆ.

1996ರ ಫೆಬ್ರುವರಿ 13ರಂದು ರೋಲ್ಪಾ, ರುಕುಮ್, ಸಿಂಧುಲಿ ಜಿಲ್ಲೆಗಳ ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಯುವುದರೊಂದಿಗೆ ಆ ಯುದ್ಧ ಆರಂಭವಾಯಿತು. 2006ರ ನವೆಂಬರ್ 21ರಂದು ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಸುಮಾರು 17,000 ಜನ ಸತ್ತಿದ್ದರು. ಹಳ್ಳಿಗಾಡಿನಲ್ಲಿ ಬಂಡುಕೋರರ ಕಣ್ಣಿಗೆ ಮೊದಲು ಬಿದ್ದದ್ದು ಪೊಲೀಸ್ ಚೌಕಿ ಮತ್ತು ‘ಗಾಂವ್ ವಿಕಾಸ್ ಸಮಿತಿ’ಯ ಕಟ್ಟಡ. ನಮ್ಮ ಗ್ರಾಮ ಪಂಚಾಯಿತಿಗೆ ಸಮನಾದ ಆ ಸಮಿತಿಯ ಕಚೇರಿಗಳು ಊರೂರಲ್ಲಿ ಸುಟ್ಟುಹೋದವು, ಕಡತಗಳು ಬೂದಿಯಾದವು. ಕಾರ್ಯದರ್ಶಿಗಳು ಜೀವ ಉಳಿಸಿಕೊಳ್ಳಲು ಜಿಲ್ಲಾ ಕೇಂದ್ರ ಸೇರಿದರು. ಜನನ ಪ್ರಮಾಣಪತ್ರಕ್ಕೂ ಹಳ್ಳಿಯವರು ಒಂದೆರಡು ದಿನ ನಡೆದು ಅಲ್ಲಿಗೇ ಹೋಗಬೇಕಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಸದ್ದಿಲ್ಲದೆ ಬಿತ್ತು. 1997ರಲ್ಲಿ ಆಯ್ಕೆಯಾಗಿದ್ದ ಸ್ಥಳೀಯ ಪ್ರತಿನಿಧಿಗಳ ಅವಧಿ 2002ರಲ್ಲಿ ಮುಗಿಯಿತು. ಯುದ್ಧದ ನಡುವೆ ಚುನಾವಣೆ ನಡೆಯಲಿಲ್ಲ. ಶಾಂತಿ ಬಂದ ಮೇಲೂ ನಡೆಯಲಿಲ್ಲ. ಸಂವಿಧಾನ ಸಭೆ, ಅರಸೊತ್ತಿಗೆಯ ಅಂತ್ಯ, ಮತ್ತೊಂದು ಸಂವಿಧಾನ ಸಭೆ ಎಂದು ಕಾಠ್ಮಂಡು ತನ್ನದೇ ಜಂಜಾಟದಲ್ಲಿದ್ದಾಗ ಹಳ್ಳಿಗಳು ಹದಿನೈದು ವರ್ಷ ಚುನಾಯಿತ ಪ್ರತಿನಿಧಿಗಳಿಲ್ಲದೆ ಕಳೆದವು. ಕುಡಿಯುವ ನೀರಿನ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ್ದ 1999ರ ಸ್ಥಳೀಯ ಸ್ವಾಯತ್ತ ಆಡಳಿತ ಕಾಯ್ದೆ ಪುಸ್ತಕದಲ್ಲಿ ಹಾಗೇ ಇತ್ತು. ಆ ಹೊಣೆ ಹೊರಬೇಕಾದ ಕುರ್ಚಿ ಖಾಲಿಯಾಗಿತ್ತು.

ಸರ್ಕಾರ ಇಲ್ಲದಾಗ ನೀರು ಕೊಟ್ಟವರು

ಹಾಗಾದರೆ ಆ ಕಾಲದಲ್ಲಿ ನೀರು ನಿಂತೇ ಹೋಯಿತೇ? ಇಲ್ಲ. ನೇಪಾಳದ ಬೆಟ್ಟಸೀಮೆಯಲ್ಲಿ ಹೊಸ ನೀರಿನ ಯೋಜನೆಗಳು ಯುದ್ಧದ ನಡುವೆಯೂ ಆದವು. ಇದಕ್ಕೆ ಕಾರಣ ನಲ್ಲಿ ಬಳಸುವ ಮನೆಗಳೇ ಸೇರಿ ಕಟ್ಟಿಕೊಂಡ ಬಳಕೆದಾರರ ಸಮಿತಿಗಳು. 1992ರ ಜಲಸಂಪನ್ಮೂಲ ಕಾಯ್ದೆ ಮತ್ತು 1998ರ ಕುಡಿಯುವ ನೀರಿನ ನಿಯಮಗಳು ಇವಕ್ಕೆ ನೋಂದಣಿಯ ಮಾನ್ಯತೆ ಕೊಟ್ಟಿದ್ದವು. 1996ರಲ್ಲಿ, ಅಂದರೆ ಯುದ್ಧ ಶುರುವಾದ ವರ್ಷವೇ, ವಿಶ್ವಬ್ಯಾಂಕ್ ನೆರವಿನಿಂದ ಗ್ರಾಮೀಣ ನೀರು ಮತ್ತು ನೈರ್ಮಲ್ಯಕ್ಕಾಗಿ ಒಂದು ನಿಧಿ ಮಂಡಳಿ ಹುಟ್ಟಿತು. ಮಂಡಳಿ ತಾನಾಗಿ ಪೈಪ್ ಹಾಕುತ್ತಿರಲಿಲ್ಲ. ಊರಿನವರು ಕೇಳಬೇಕು, ಶ್ರಮದಾನ ಮಾಡಬೇಕು, ಸ್ವಲ್ಪ ಹಣ ಕೂಡಿಸಬೇಕು. ಆಗ ಉಳಿದ ಹಣವೂ ತಾಂತ್ರಿಕ ನೆರವೂ ಬರುತ್ತಿತ್ತು.

ಬೆಟ್ಟದ ಯೋಜನೆ ನೋಡಲು ಸರಳ. ಊರಿಗಿಂತ ಎತ್ತರದಲ್ಲಿರುವ ಒರತೆಗೆ ಸಣ್ಣ ತೊಟ್ಟಿ ಕಟ್ಟಿ, ಅಲ್ಲಿಂದ ಪೈಪ್ ಇಳಿಸಿದರೆ ನೀರು ತಾನೇ ಹರಿದು ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಕಷ್ಟವಿರುವುದು ಇಳಿಜಾರಿನಲ್ಲಿ. ನೀರು ಹತ್ತು ಮೀಟರ್ ಕೆಳಗಿಳಿದಾಗಲೆಲ್ಲ ಪೈಪಿನ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಏರುತ್ತದೆ. ಇನ್ನೂರು ಮುನ್ನೂರು ಮೀಟರ್ ನೇರ ಇಳಿದರೆ ಪೈಪ್ ಸಿಡಿಯುತ್ತದೆ. ಅದಕ್ಕೇ ನಡುನಡುವೆ ಒತ್ತಡ ತಗ್ಗಿಸುವ ತೊಟ್ಟಿಗಳು ಬೇಕು. ಪೈಪನ್ನು ಸುಮಾರು ಮೂರಡಿ ಆಳದಲ್ಲಿ ಹೂಳಬೇಕು. ಇಲ್ಲದಿದ್ದರೆ ಜುಮ್ಲಾ, ಮುಗು ಕಡೆಯ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಪೈಪ್ ಬಿರುಕು ಬಿಡುತ್ತದೆ. ರಸ್ತೆ ಕೊನೆಯಾಗುವ ಜಾಗದಿಂದ ಪೈಪಿನ ಸುರುಳಿ, ಸಿಮೆಂಟು, ಕಬ್ಬಿಣ ಎಲ್ಲವೂ ಜನರ ಬೆನ್ನ ಮೇಲೋ ಹೇಸರಗತ್ತೆಯ ಬೆನ್ನ ಮೇಲೋ ಏರಬೇಕು. ಊರಿನವರೆಲ್ಲ ಸೇರದೆ ಆಗುವ ಕೆಲಸ ಇದಲ್ಲ.

ಯುದ್ಧದ ನಡುವೆ ಈ ಕೆಲಸ ಸಾಗಲು ಇನ್ನೊಂದು ಕಾರಣ ಲೆಕ್ಕದ ಬಿಚ್ಚುತನ. ನೇಪಾಳದಲ್ಲಿ ದುಡಿಯುತ್ತಿದ್ದ ವಿದೇಶಿ ನೆರವು ಸಂಸ್ಥೆಗಳು 2003ರಲ್ಲಿ ಸೇರಿ ಕಾರ್ಯಾಚರಣೆಯ ಮೂಲ ನಿಯಮಗಳನ್ನು ರೂಪಿಸಿಕೊಂಡವು. ಯಾವ ಪಕ್ಷಕ್ಕೂ ವಂತಿಗೆ ಕೊಡುವುದಿಲ್ಲ, ವಾಹನದಲ್ಲಿ ಸಮವಸ್ತ್ರದವರನ್ನಾಗಲೀ ಆಯುಧವನ್ನಾಗಲೀ ಸಾಗಿಸುವುದಿಲ್ಲ, ನೆರವು ಬಡವರಿಗೆ ಮುಟ್ಟುತ್ತಿದೆಯೇ ಎಂಬುದನ್ನು ಮುಚ್ಚಿಡುವುದಿಲ್ಲ ಎಂಬ ರೀತಿಯ ಕಟ್ಟುಪಾಡು. ನೀರಿನ ಯೋಜನೆಗಳಲ್ಲಿ ಇದು ಊರ ನಡುವೆ ಎಲ್ಲರೆದುರು ಲೆಕ್ಕ ಓದುವ ಪದ್ಧತಿಯಾಗಿ ಬೇರೂರಿತು. ಎಷ್ಟು ಮೂಟೆ ಸಿಮೆಂಟ್ ಬಂತು, ಎಷ್ಟು ಮೀಟರ್ ಪೈಪ್ ಹೋಯಿತು, ಯಾರ ಮನೆಯಿಂದ ಎಷ್ಟು ದಿನದ ಶ್ರಮ ಸಂದಿತು ಎಂಬುದೆಲ್ಲ ಬಯಲಿಗೆ ಬರುತ್ತಿತ್ತು. ಒಂದು ಕಡೆ ಸೈನ್ಯ, ಇನ್ನೊಂದು ಕಡೆ ಬಂಡುಕೋರರು ಇಬ್ಬರೂ ಅನುಮಾನದಿಂದ ನೋಡುವ ಊರಿನಲ್ಲಿ ಬಿಚ್ಚಿಟ್ಟ ಲೆಕ್ಕದಷ್ಟು ದೊಡ್ಡ ರಕ್ಷಣೆ ಬೇರೆ ಇರಲಿಲ್ಲ. ಆಡಳಿತದ ಪಾಠಗಳಲ್ಲಿ ‘ಪಾರದರ್ಶಕತೆ’ ಸವೆದ ಮಾತು. ಆ ಬೆಟ್ಟಗಳಲ್ಲಿ ಅದರ ಮೇಲೆ ಜನರ ಜೀವ ನಿಂತಿತ್ತು.

ಜಾಜರ್‌ಕೋಟದ ಬೇಸಿಗೆ

ಶಾಂತಿ ಬಂದು ಮೂರು ವರ್ಷವೂ ಆಗಿರಲಿಲ್ಲ. 2009ರ ಬೇಸಿಗೆಯಲ್ಲಿ ಮಧ್ಯ ಪಶ್ಚಿಮದ ಜಾಜರ್‌ಕೋಟ ಜಿಲ್ಲೆಯಲ್ಲಿ ವಾಂತಿ ಭೇದಿ ಶುರುವಾಯಿತು. ಮಳೆಗಾಲ ಹಿಡಿಯುತ್ತಿದ್ದಂತೆ ಅದು ರುಕುಮ್ ಮೊದಲಾದ ಅಕ್ಕಪಕ್ಕದ ಜಿಲ್ಲೆಗಳಿಗೂ ಹಬ್ಬಿತು. ಕಾಲರಾ ರೋಗಾಣು ಇರುವುದೂ ಪರೀಕ್ಷೆಯಲ್ಲಿ ಪತ್ತೆಯಾಯಿತು. ಸತ್ತವರು ಸುಮಾರು ಮುನ್ನೂರು ಜನ. ಉಪ್ಪು, ಸಕ್ಕರೆ, ಶುದ್ಧ ನೀರು ಇವಿಷ್ಟು ಕೈಗೆ ಸಿಕ್ಕಿದ್ದರೆ ಬಹುತೇಕರು ಉಳಿಯುವ ಕಾಯಿಲೆ ಇದು. ರಸ್ತೆ ಇಲ್ಲದ ಊರುಗಳಿಗೆ ಔಷಧವನ್ನು ಹೆಲಿಕಾಪ್ಟರಿನಲ್ಲಿ ಕಳಿಸಬೇಕಾಯಿತು.

ಈ ಸಾವುಗಳನ್ನು ಬಡತನದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಆ ಊರುಗಳಲ್ಲಿ ನೀರು ಕೆಟ್ಟಿದೆ ಎಂದು ದೂರು ಕೊಡಲು ಒಬ್ಬ ವಾರ್ಡ್ ಸದಸ್ಯನೂ ಇರಲಿಲ್ಲ. ಮತ ಕೇಳಲು ಮತ್ತೆ ಬರಬೇಕಲ್ಲ ಎಂಬ ಅಳುಕು ಯಾರಿಗೂ ಇರಲಿಲ್ಲ. ಬಳಕೆದಾರರ ಸಮಿತಿ ಪೈಪನ್ನು ಕಾಪಾಡಬಲ್ಲದು. ಕೊಳೆತ ಒರತೆಗೆ ಕ್ಲೋರಿನ್ ಹಾಕಿಸಲು, ಆರೋಗ್ಯ ಕಾರ್ಯಕರ್ತೆಯನ್ನು ಕರೆಸಲು, ಜಿಲ್ಲೆಯ ಬಾಗಿಲು ಬಡಿಯಲು ಒಂದು ಸರ್ಕಾರ ಬೇಕು. ಸರ್ಕಾರವಿಲ್ಲದೆ ಜನ ಏನೆಲ್ಲ ಮಾಡಿಕೊಂಡರು ಎಂದು ಹೊಗಳುವವರು ಜಾಜರ್‌ಕೋಟವನ್ನು ಮರೆಯಬಾರದು.

ಅದೇ ಅವಧಿಯಲ್ಲಿ ಒಂದು ಒಳ್ಳೆಯ ಕೆಲಸವೂ ನಡೆಯಿತೆನ್ನಿ. 2011ರ ನೈರ್ಮಲ್ಯ ಮಹಾಯೋಜನೆ ಗ್ರಾಮಗ್ರಾಮಕ್ಕೂ ಸಮನ್ವಯ ಸಮಿತಿ ರಚಿಸಿತು. ಶಿಕ್ಷಕರು, ಪಕ್ಷಗಳವರು, ಮಹಿಳಾ ಸಂಘಗಳು ಸೇರಿ ಊರಿಂದ ಊರಿಗೆ ಶೌಚಾಲಯ ಕಟ್ಟಿಸುತ್ತಾ ಹೋದರು. 2019ರ ಸೆಪ್ಟೆಂಬರ್ 30ರಂದು ನೇಪಾಳ ತನ್ನನ್ನು ಬಯಲು ಶೌಚ ಮುಕ್ತ ಎಂದು ಘೋಷಿಸಿಕೊಂಡಿತು. ಮನೆಗೊಂದು ಶೌಚಾಲಯ ಬಂದಾಗ ಮನೆಗೆ ಬೇಕಾದ ನೀರೂ ಹೆಚ್ಚಿತು. ಊರ ನಡುವಿನ ನಲ್ಲಿಯಿಂದ ಕೊಡ ಹೊತ್ತು ತರುವುದು ಇನ್ನು ಸಾಲದು, ನಲ್ಲಿ ಅಂಗಳಕ್ಕೇ ಬರಬೇಕು ಎಂಬ ಬೇಡಿಕೆ ಆಗಲೇ ಬಲವಾಯಿತು.

ಹಳ್ಳಿಹಳ್ಳಿಗೆ ಸಿಂಹದರ್ಬಾರ್

2015ರ ಏಪ್ರಿಲ್ 25ರ ಭೂಕಂಪ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚು ಪೆಟ್ಟು ತಿಂದ 14 ಜಿಲ್ಲೆಗಳ 11,288 ನೀರಿನ ಯೋಜನೆಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಹಾಳಾದವು. ಕೆಲವು ಒರತೆಗಳು ಒಂದೇ ದಿನದಲ್ಲಿ ಬತ್ತಿದವು, ಕೆಲವು ಜಾಗ ಬದಲಿಸಿ ಇನ್ನಷ್ಟು ಕೆಳಗೆ ಎದ್ದವು. ಆ ದುಃಖದ ನಡುವೆಯೇ, ಸೆಪ್ಟೆಂಬರ್ 20ರಂದು, ಹೊಸ ಸಂವಿಧಾನ ಜಾರಿಗೆ ಬಂತು. ಸ್ವಚ್ಛ ಕುಡಿಯುವ ನೀರು ಮತ್ತು ನೈರ್ಮಲ್ಯ ಪ್ರತಿ ಪ್ರಜೆಯ ಮೂಲಭೂತ ಹಕ್ಕು ಎಂದು ಅದರ 35ನೇ ವಿಧಿ ಹೇಳುತ್ತದೆ. ಕುಡಿಯುವ ನೀರು, ಸಣ್ಣ ಜಲವಿದ್ಯುತ್ ಯೋಜನೆಗಳು ಸ್ಥಳೀಯ ಸರ್ಕಾರದ ಸ್ವಂತ ಅಧಿಕಾರ ಎಂದು ಎಂಟನೇ ಅನುಸೂಚಿ ಹೇಳುತ್ತದೆ. ನಮ್ಮ ಸಂವಿಧಾನದ ಹನ್ನೊಂದನೇ ಅನುಸೂಚಿ ಪಂಚಾಯಿತಿಗಳಿಗೆ ಕುಡಿಯುವ ನೀರನ್ನು ಕೊಡುವ ಅವಕಾಶವನ್ನು ರಾಜ್ಯಗಳಿಗೆ ಬಿಟ್ಟಿದೆ. ನೇಪಾಳದ ಸಂವಿಧಾನ ಅದನ್ನು ನೇರವಾಗಿ ಕೆಳಗಿನ ಹಂತಕ್ಕೇ ಕೊಟ್ಟಿದೆ.

ಮೂರು ಸಾವಿರಕ್ಕೂ ಹೆಚ್ಚಿದ್ದ ಗಾಂವ್ ವಿಕಾಸ್ ಸಮಿತಿಗಳನ್ನು ಒಟ್ಟುಗೂಡಿಸಿ 753 ಸ್ಥಳೀಯ ಸರ್ಕಾರಗಳನ್ನು ಮಾಡಿದರು. ಅವುಗಳಲ್ಲಿ 460 ಹಳ್ಳಿಗಾಡಿನ ಗಾಂವ್‌ಪಾಲಿಕಾಗಳು, ಉಳಿದವು ನಗರಪಾಲಿಕೆಗಳು. 2017ರಲ್ಲಿ ಮೂರು ಹಂತಗಳಲ್ಲಿ ಚುನಾವಣೆ ನಡೆಯಿತು. ಕಾಠ್ಮಂಡುವಿನ ಸಚಿವಾಲಯದ ಅರಮನೆ ಸಿಂಹದರ್ಬಾರ್ ಇನ್ನು ಹಳ್ಳಿಹಳ್ಳಿಗೆ ಬರುತ್ತದೆ ಎಂಬುದು ಆ ದಿನಗಳ ಘೋಷಣೆ. ಆಯ್ಕೆಯಾದ ಸುಮಾರು 35,000 ಜನರಲ್ಲಿ ಶೇ 41ರಷ್ಟು ಮಹಿಳೆಯರು. ಪ್ರತಿ ವಾರ್ಡಿನ ಐವರಲ್ಲಿ ಇಬ್ಬರು ಮಹಿಳೆಯರಿರಬೇಕು, ಅವರಲ್ಲೊಬ್ಬರು ದಲಿತ ಮಹಿಳೆಯಾಗಿರಬೇಕು ಎಂಬ ಕಾನೂನಿನಿಂದ 6,500ಕ್ಕೂ ಹೆಚ್ಚು ದಲಿತ ಮಹಿಳೆಯರು ಅಧಿಕಾರದ ಜಾಗದಲ್ಲಿ ಕುಳಿತರು.

ನೀರಿನ ವಿಷಯದಲ್ಲಿ ಈ ಸಂಖ್ಯೆಯ ತೂಕ ಅಳೆಯಬೇಕಾದರೆ ನೂರೆಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. 1854ರಲ್ಲಿ ಜಂಗ್ ಬಹಾದುರ್ ರಾಣಾ ಜಾರಿಗೆ ತಂದ ಮುಲುಕಿ ಐನ್ ಎಂಬ ಸಂಹಿತೆ ಇಡೀ ದೇಶದ ಜನರನ್ನು ಜಾತಿವಾರು ಶ್ರೇಣಿಗಳಲ್ಲಿ ಜೋಡಿಸಿತು. ಯಾರ ಕೈಯಿಂದ ನೀರು ಪಡೆಯಬಹುದು, ಯಾರ ಕೈಯಿಂದ ಪಡೆಯಕೂಡದು ಎಂಬುದೇ ಆ ಶ್ರೇಣಿಯ ಗೆರೆ. ಕಮ್ಮಾರರು, ದರ್ಜಿಗಳು, ಚಮ್ಮಾರರು ನೀರು ಮುಟ್ಟಬಾರದವರ ಪಟ್ಟಿಗೆ ಸೇರಿದರು. 1963ರಲ್ಲಿ ಆ ಸಂಹಿತೆ ಹೋಯಿತು, 2011ರಲ್ಲಿ ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರುವ ಪ್ರತ್ಯೇಕ ಕಾಯ್ದೆ ಬಂತು. ಆದರೂ ಪಶ್ಚಿಮದ ಬೆಟ್ಟಗಳಲ್ಲಿ ದಲಿತರು ಮುಟ್ಟಿದರೆಂದು ನಲ್ಲಿಯ ಬಳಿ ಹೊಡೆದಾಟವಾದ ಸುದ್ದಿಗಳು ಇಂದಿಗೂ ನಿಂತಿಲ್ಲ. ನಲ್ಲಿ ಎಲ್ಲಿ ನಿಲ್ಲಬೇಕು, ಪೈಪ್ ಯಾರ ಓಣಿಗೆ ಮೊದಲು ತಿರುಗಬೇಕು, ಬೇಸಿಗೆಯಲ್ಲಿ ಯಾರ ಸರದಿ ಮೊದಲು ಎಂಬ ಪ್ರಶ್ನೆಗಳು ಎಂಜಿನಿಯರಿಂಗ್‌ನ ಪ್ರಶ್ನೆಗಳಂತೆ ಕಾಣುತ್ತವೆ. ಅಲ್ಲಿ ಅವು ಜಾತಿಯ ಪ್ರಶ್ನೆಗಳು. ಅಂಥ ತೀರ್ಮಾನ ಆಗುವ ಮೇಜಿನ ಸುತ್ತ ದಲಿತ ಮಹಿಳೆಯೊಬ್ಬಳು ಹಕ್ಕಿನಿಂದ ಕುಳಿತಿರುವುದು ನನ್ನ ಲೆಕ್ಕದಲ್ಲಿ ಈ ಇಡೀ ಸುಧಾರಣೆಯ ಅತಿ ದೊಡ್ಡ ಗಳಿಕೆ. ಅವಳ ಮಾತಿಗೆ ಎಲ್ಲ ಕಡೆಯೂ ಬೆಲೆ ಸಿಗುತ್ತಿದೆ ಎಂದು ಹೇಳಲಾರೆ. ಹಲವೆಡೆ ಅವಳ ಸಹಿ ಮಾತ್ರ ಬೇಕು, ಮಾತು ಬೇಡ. ಆದರೆ ಕುರ್ಚಿ ಅವಳದು, ಅದನ್ನು ಯಾರೂ ದಾನವಾಗಿ ಕೊಟ್ಟಿದ್ದಲ್ಲ.

ಇನ್ನೊಂದು ಏರ್ಪಾಡೂ ಗಮನಾರ್ಹ. 2017ರ ಸ್ಥಳೀಯ ಸರ್ಕಾರ ಸಂಚಾಲನ ಕಾಯ್ದೆಯಂತೆ ಪ್ರತಿ ಗಾಂವ್‌ಪಾಲಿಕಾದಲ್ಲೂ ಒಂದು ನ್ಯಾಯಿಕ ಸಮಿತಿ ಇರುತ್ತದೆ. ಅದರ ಮುಂದೆ ತರಬಹುದಾದ ತಕರಾರುಗಳ ಪಟ್ಟಿಯಲ್ಲಿ ಮೊದಲಿಗೇ ಬರುವುದು ಗಡಿ, ಕಾಲುವೆ ಮತ್ತು ನೀರಿನ ಹಂಚಿಕೆ. ಈ ಸಮಿತಿಯ ಮುಖ್ಯಸ್ಥರು ಉಪಾಧ್ಯಕ್ಷರು. ಮೊದಲ ಎರಡು ಹುದ್ದೆಗಳ ಅಭ್ಯರ್ಥಿಗಳಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕೆಂದು ಕಾನೂನು ಹೇಳಿದಾಗ ಪಕ್ಷಗಳು ಅಧ್ಯಕ್ಷಗಿರಿಗೆ ಗಂಡಸರನ್ನು ಇಟ್ಟುಕೊಂಡು ಉಪಾಧ್ಯಕ್ಷ ಹುದ್ದೆಗೆ ಹೆಂಗಸರನ್ನು ಕಳಿಸಿದವು. 2017ರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆದದ್ದು ಇದೇ. ಪಕ್ಷಗಳ ಸಣ್ಣತನದಿಂದಲೇ ಆಗಿದ್ದರೂ, ತಲೆತಲಾಂತರದಿಂದ ನೀರು ಹೊತ್ತವರ ಕೈಗೆ ನೀರಿನ ಜಗಳ ತೀರಿಸುವ ಅಧಿಕಾರ ಬಂದು ಸೇರಿತು.

ರಸ್ತೆಯ ಹುಚ್ಚು, ಮುರಿದ ಪೈಪು

ಇಷ್ಟೆಲ್ಲ ಆದ ಮೇಲೆ ನೀರು ಸುಧಾರಿಸಿತೇ? ನೇಪಾಳದಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಯಾವುದಾದರೊಂದು ಸುಧಾರಿತ ನೀರಿನ ಮೂಲ ಇದೆ ಎಂಬುದು ನಿಜ. ಅದರ ಪಕ್ಕದಲ್ಲಿಡಬೇಕಾದ ಇನ್ನೆರಡು ಸಂಗತಿಗಳಿವೆ. ಕಳೆದ ದಶಕದಲ್ಲಿ ಸರ್ಕಾರವೇ ಮಾಡಿದ ಲೆಕ್ಕದಂತೆ, ಕಟ್ಟಿದ ಯೋಜನೆಗಳಲ್ಲಿ ಸರಿಯಾಗಿ ನಡೆಯುತ್ತಿದ್ದವು ಸುಮಾರು ಕಾಲು ಭಾಗ ಮಾತ್ರ. ಮೂರರಲ್ಲಿ ಒಂದಕ್ಕೂ ಹೆಚ್ಚಿನವಕ್ಕೆ ಬೇಕಿದ್ದದ್ದು ಸಣ್ಣ ದುರಸ್ತಿ. ಎರಡನೆಯದು, 2019ರ ಮನೆ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಮನೆಗಳ ನೀರಿನ ಮೂಲದಲ್ಲೇ ಮಲದ ಬ್ಯಾಕ್ಟೀರಿಯಾ ಪತ್ತೆಯಾಗಿದ್ದು.

ಸಣ್ಣ ದುರಸ್ತಿ ಎಂದೆನಲ್ಲ, ಇಡೀ ವಿಷಯದ ತಿರುಳು ಅಲ್ಲಿದೆ. ಒಂದು ವಾಲ್ವು ಕೆಟ್ಟಿದೆ, ತೊಟ್ಟಿಯ ಮುಚ್ಚಳ ಹೋಗಿದೆ, ಮಳೆಗೆ ಹತ್ತು ಮೀಟರ್ ಪೈಪ್ ಕೊಚ್ಚಿಹೋಗಿದೆ. ಇಷ್ಟಕ್ಕೆ ಇಡೀ ಊರು ಮತ್ತೆ ಕೊಡ ಹೊತ್ತು ಇಳಿಜಾರು ಇಳಿಯುತ್ತದೆ. ಹಾಳಾದ ಯೋಜನೆಯನ್ನು ಸರಿಪಡಿಸಲು ದುಡ್ಡಿಲ್ಲ ಎನ್ನುವ ಕಡೆಯೇ ಹೊಸ ಯೋಜನೆಗೆ ಶಂಕುಸ್ಥಾಪನೆ ನಡೆಯುತ್ತದೆ. ಹೊಸದಕ್ಕೆ ಫಲಕ ಹಾಕಬಹುದು, ವಾಲ್ವು ಬದಲಿಸಿದ್ದಕ್ಕೆ ಫಲಕ ಯಾರು ಹಾಕುತ್ತಾರೆ?

ಚುನಾಯಿತ ಸ್ಥಳೀಯ ಸರ್ಕಾರಗಳ ಮೊದಲ ಪ್ರೀತಿ ರಸ್ತೆ. ಅದರಲ್ಲಿ ಆಶ್ಚರ್ಯವಿಲ್ಲ. ಗರ್ಭಿಣಿಯನ್ನು ಬುಟ್ಟಿಯಲ್ಲಿ ಹೊತ್ತು ಆಸ್ಪತ್ರೆಗೆ ನಡೆದ ಜನರಿಗೆ ರಸ್ತೆಯ ಬೆಲೆ ಗೊತ್ತು. ಆದರೆ ಮಾಡುವ ರೀತಿ ಅಪಾಯದ್ದು. ಸಮೀಕ್ಷೆಯಿಲ್ಲ, ಚರಂಡಿಯಿಲ್ಲ, ತಡೆಗೋಡೆಯಿಲ್ಲ. ಬಾಡಿಗೆ ಬುಲ್ಡೋಜರ್ ಬಂದು ಬೆಟ್ಟದ ಪಕ್ಕೆ ಸೀಳುತ್ತದೆ. ಸೀಳಿದ ಮಣ್ಣು ಕೆಳಗಿನ ಒರತೆಯನ್ನು ಮುಚ್ಚುತ್ತದೆ, ಹೂತ ಪೈಪು ತುಂಡಾಗುತ್ತದೆ, ಮಳೆಗಾಲದಲ್ಲಿ ಅದೇ ಜಾಗ ಕುಸಿಯುತ್ತದೆ. ಒಂದೇ ಬಜೆಟ್ ಪುಸ್ತಕದಲ್ಲಿ ಪೈಪ್ ಕಡಿಯುವ ಹಣವೂ ಪೈಪ್ ಜೋಡಿಸುವ ಹಣವೂ ಇರುತ್ತದೆ, ಮೊದಲನೆಯದೇ ಹೆಚ್ಚಿರುತ್ತದೆ.

ಹಣ ಬರುವ ಕಾಲವೂ ಕೆಟ್ಟದ್ದು. ನೇಪಾಳದ ಹಣಕಾಸು ವರ್ಷ ಕೊನೆಯಾಗುವುದು ಅಸಾರ್ ತಿಂಗಳಿಗೆ, ಅಂದರೆ ಜುಲೈ ಮಧ್ಯಕ್ಕೆ. ನಮ್ಮಲ್ಲಿ ಮಾರ್ಚ್ ಕೊನೆಯಲ್ಲಿ ಆಗುವ ಖರ್ಚಿನ ಗಡಿಬಿಡಿ ಅಲ್ಲಿ ಜಡಿಮಳೆಯ ನಡುವೆ ಆಗುತ್ತದೆ. ಕೆಸರಿನಲ್ಲಿ ಪೈಪಿನ ಕಾಲುವೆ ತೋಡುತ್ತಾರೆ, ಅರ್ಧ ಆಳಕ್ಕೆ ಹೂಳುತ್ತಾರೆ, ಬಿಲ್ಲು ಬರೆಯುತ್ತಾರೆ. ‘ಅಸಾರೆ ವಿಕಾಸ್’ ಎಂದು ಜನ ಅದಕ್ಕೆ ಹೆಸರಿಟ್ಟಿದ್ದಾರೆ. ಇನ್ನು ಮೇಲಿನಿಂದ ಬರುವ ಅನುದಾನದ ದೊಡ್ಡ ಪಾಲು ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಷರತ್ತಿನೊಂದಿಗೇ ಬರುತ್ತದೆ. ಸಂವಿಧಾನ ಅಧಿಕಾರ ಕೊಟ್ಟರೂ ಕೇಂದ್ರದ ಇಲಾಖೆ, ಪ್ರಾಂತದ ಸಚಿವಾಲಯ, ಸ್ಥಳೀಯ ಸರ್ಕಾರ ಮೂವರೂ ಒಂದೇ ಕಣಿವೆಯಲ್ಲಿ ಬೇರೆ ಬೇರೆ ಪೈಪ್ ಹಾಕುವುದು ತಪ್ಪಿಲ್ಲ.

ನೀರುಗಂಟಿಯ ಕೂಲಿ

ಹಾಗಿದ್ದೂ ಕೆಲವು ಕಡೆ ಕೆಲಸ ಗಟ್ಟಿಯಾಗಿ ಆಗಿದೆ, ಅದರಿಂದ ಕಲಿಯುವುದಿದೆ. ಫಿನ್ಲೆಂಡ್ ನೆರವಿನ ಒಂದು ಗ್ರಾಮೀಣ ಜಲಸಂಪನ್ಮೂಲ ಯೋಜನೆ ಶಾಂತಿ ಒಪ್ಪಂದಕ್ಕೆ ತುಸು ಮುಂಚೆ, 2006ರಲ್ಲಿ, ಕರ್ನಾಲಿ ಮತ್ತು ಸುದೂರಪಶ್ಚಿಮದ ಬಡ ಜಿಲ್ಲೆಗಳಲ್ಲಿ ಶುರುವಾಗಿ 2022ರವರೆಗೆ ನಡೆಯಿತು. ಅದು ಮೊದಲು ಪೈಪ್ ತರಲಿಲ್ಲ, ಊರಿನ ನೀರಿನ ನಕ್ಷೆ ಬರೆಸಿತು. ಯಾವ ಒರತೆಯಲ್ಲಿ ಬೇಸಿಗೆಯಲ್ಲಿ ಎಷ್ಟು ನೀರು, ಅದರ ಮೇಲೆ ಯಾವ ಓಣಿಗೆ ಹಕ್ಕು, ಎಲ್ಲಿ ನೀರಾವರಿ, ಎಲ್ಲಿ ಹಿಟ್ಟಿನ ಗಿರಣಿ, ಯಾವ ಕೇರಿಯ ಹೆಂಗಸರು ಎಲ್ಲರಿಗಿಂತ ದೂರ ನಡೆಯುತ್ತಾರೆ ಎಂಬುದನ್ನು ವಾರ್ಡುವಾರು ಕೂತು ಬರೆದರು. ಆ ಪಟ್ಟಿಯ ಮೇಲೆ ಯಾರಿಗೆ ಮೊದಲು ಎಂದು ತೀರ್ಮಾನಿಸಿದರು. ಜಲ ಬಳಕೆಯ ಮಹಾಯೋಜನೆ ಎಂಬ ಈ ಪದ್ಧತಿಯನ್ನು ಸ್ವಿಟ್ಜರ್ಲೆಂಡಿನ ಹೆಲ್ವೆಟಾಸ್ ಸಂಸ್ಥೆಯೂ ಬೆಳೆಸಿತು. 2017ರ ನಂತರ ಹೊಸ ಗಾಂವ್‌ಪಾಲಿಕಾಗಳಿಗೆ ಅಧ್ಯಕ್ಷರ ಮನೆಬಾಗಿಲ ರಾಜಕೀಯ ಮೀರಿ ಹಣ ಹಂಚಲು ಇಂಥ ದಾಖಲೆ ಆಸರೆಯಾಯಿತು. ಈಗ ಸರ್ಕಾರವೇ ಎನ್‌ವಾಶ್ ಎಂಬ ಮೊಬೈಲ್ ಆ್ಯಪ್ ಮೂಲಕ ಪ್ರತಿ ತೊಟ್ಟಿ, ನಲ್ಲಿಯ ಸ್ಥಿತಿ ದಾಖಲಿಸಿ ಸ್ಥಳೀಯ ನೀರು ಯೋಜನೆ ಬರೆಸುತ್ತಿದೆ.

ಒರತೆಗಳೇ ಸೊರಗುತ್ತಿರುವ ಕಾಲದಲ್ಲಿ ಇಂಥ ನಕ್ಷೆ ಇನ್ನೂ ಮುಖ್ಯ. ಮಳೆಯ ರೀತಿ ಬದಲಾಗಿದೆ, ಜನ ವಲಸೆ ಹೋಗಿ ಪಾಳುಬಿದ್ದ ಹೊಲಗಳಲ್ಲಿ ನೀರು ಇಂಗುವುದು ಕಡಿಮೆಯಾಗಿದೆ, ರಸ್ತೆ ಕೊರೆತದ ಮಾತು ಆಗಲೇ ಆಯಿತು. ಕಾಠ್ಮಂಡುವಿನ ಇಸಿಮೋಡ್ ಸಂಸ್ಥೆ ಪುಣೆಯ ಆಕ್ವಡಾಮ್ ಜೊತೆಗೂಡಿ ಒರತೆ ಪುನಶ್ಚೇತನದ ಎಂಟು ಹಂತಗಳ ಕೈಪಿಡಿ ತಂದಿದೆ. ಒರತೆಗೆ ನೀರು ಬರುವ ಬಂಡೆಯ ಪದರ ಯಾವ ಕಡೆ ಓರೆಯಾಗಿದೆ ಎಂದು ಪತ್ತೆಹಚ್ಚಿ, ಸರಿಯಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದು ಅದರ ಸಾರ. ಎಷ್ಟೋ ಸಲ ಆ ಇಳಿಜಾರು ಬೆಟ್ಟದ ಆಚೆ ಬದಿಯಲ್ಲಿ, ಪಕ್ಕದ ವಾರ್ಡಿನಲ್ಲಿ ಇರುತ್ತದೆ. ಇಲ್ಲಿ ಬಳಕೆದಾರರ ಸಮಿತಿಯ ಕೈ ಸೋಲುತ್ತದೆ. ಎರಡು ವಾರ್ಡುಗಳನ್ನು ಕೂರಿಸಿ ಒಪ್ಪಂದ ಮಾಡಿಸಬಲ್ಲದ್ದು ಗಾಂವ್‌ಪಾಲಿಕಾ ಮಾತ್ರ.

ಇನ್ನು ದುರಸ್ತಿಯ ಕೆಲಸಗಾರನ ಮಾತು. ನಮ್ಮ ಹಳ್ಳಿಗಳ ನೀರುಗಂಟಿಯ ಹಾಗೆ ನೇಪಾಳದ ಹಲವು ಯೋಜನೆಗಳಿಗೆ ಒಬ್ಬ ಗ್ರಾಮ ದುರಸ್ತಿ ಕಾರ್ಯಕರ್ತನಿದ್ದಾನೆ. ಬೆಳಗ್ಗೆ ಒರತೆಯವರೆಗೆ ಹತ್ತಿ ಹೂಳು ತೆಗೆಯುವವನು, ವಾಲ್ವು ತಿರುಗಿಸಿ ಸರದಿ ನಡೆಸುವವನು, ಭೂಕುಸಿತದ ರಾತ್ರಿ ಹಗ್ಗ ಕಟ್ಟಿಕೊಂಡು ಪೈಪ್ ಜೋಡಿಸುವವನು ಅವನೇ. ಹೆಂಗಸರೂ ಈ ಕೆಲಸ ಕಲಿತಿದ್ದಾರೆ. ಪಶ್ಚಿಮದ ಕೆಲವು ಹಳ್ಳಿಗಳಲ್ಲಿ ಮನೆಗಿಷ್ಟು ಎಂದು ಕಾಳುಕಡಿ ಅಳೆದು ಕೊಡುವುದೇ ಅವರ ಕೂಲಿ. ಬೆಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಕೆಲಸ ಚೆನ್ನಾಗಿ ಕಲಿತವನು ಕೂಲಿ ಸಾಲದೆ ಕತಾರಿಗೋ ಮಲೇಷ್ಯಾಕ್ಕೋ ಹೋಗುತ್ತಾನೆ. ಅವನು ಹೋದ ತಿಂಗಳಿಂದ ಯೋಜನೆ ಸೋರಲು ಶುರುವಾಗುತ್ತದೆ.

ನೇಪಾಳದ ಅನುಭವ ಕಲಿಸುವುದು ಇಷ್ಟೇ ಎಂದು ನನಗನಿಸುತ್ತದೆ. ಸಮಿತಿಯೋ ಸರ್ಕಾರವೋ ಎಂಬ ವಾದ ಹುರುಳಿಲ್ಲದ್ದು. ಸಮಿತಿ ದಿನನಿತ್ಯ ನೀರು ಬಿಡಲಿ, ಶುಲ್ಕ ಎತ್ತಲಿ, ಎಲ್ಲರೆದುರು ಲೆಕ್ಕ ಓದಲಿ. ಊರಿನ ಶುಲ್ಕಕ್ಕೆ ನಿಲುಕದ ದೊಡ್ಡ ದುರಸ್ತಿ, ನೀರಿನ ಪರೀಕ್ಷೆ, ಬಿಡಿಭಾಗಗಳ ದಾಸ್ತಾನು, ದುರಸ್ತಿ ಕೆಲಸಗಾರನ ಖಾತರಿ ಸಂಬಳ ಇವು ಗಾಂವ್‌ಪಾಲಿಕಾದ ಬಜೆಟ್ಟಿನಲ್ಲಿ ಪ್ರತಿ ವರ್ಷ ಇರಬೇಕು. ಮೂವತ್ತು ನಲವತ್ತು ಯೋಜನೆಗಳಿಗೆ ಒಬ್ಬ ತರಬೇತಾದ ತಂತ್ರಜ್ಞ, ಕೈಗೆಟಕುವ ಒಂದು ಉಗ್ರಾಣ ಇದ್ದರೆ ಸಣ್ಣ ದುರಸ್ತಿ ಸಣ್ಣದಾಗಿಯೇ ಮುಗಿಯುತ್ತದೆ. ಇದಕ್ಕೆ ಬೇಕಾದ ಹಣ ಒಂದು ಬುಲ್ಡೋಜರ್ ರಸ್ತೆಯ ಖರ್ಚಿಗಿಂತ ಹೆಚ್ಚಾಗದು.

ಇದೆಲ್ಲ ಆಗಬೇಕಾದರೆ ಸ್ಥಳೀಯ ಸರ್ಕಾರ ಉಳಿದಿರಬೇಕು. 2025ರ ಸೆಪ್ಟೆಂಬರಿನಲ್ಲಿ ಭ್ರಷ್ಟಾಚಾರದ ವಿರುದ್ಧ ಬೀದಿಗಿಳಿದ ಯುವಜನರ ಮೇಲೆ ಗುಂಡು ಹಾರಿತು, ಮರುದಿನ ಸಿಂಹದರ್ಬಾರ್ ಹೊತ್ತಿ ಉರಿಯಿತು, ಕೆಲವೇ ದಿನಗಳಲ್ಲಿ ಸಂಸತ್ತಿನ ಪ್ರತಿನಿಧಿ ಸಭೆ ವಿಸರ್ಜನೆಯಾಯಿತು. ಕೆಲವು ಸ್ಥಳೀಯ ಕಚೇರಿಗಳಿಗೂ ಬೆಂಕಿ ಬಿತ್ತು. ಆದರೆ 753 ಸ್ಥಳೀಯ ಸರ್ಕಾರಗಳು ವಿಸರ್ಜನೆಯಾಗಲಿಲ್ಲ. 2002ರಲ್ಲಿ ಇಲ್ಲದ ನೆಲೆ ಈಗ ಇದೆ. 2022ರ ಎರಡನೇ ಚುನಾವಣೆಯಲ್ಲಿ ಆಯ್ಕೆಯಾದ ಪ್ರತಿನಿಧಿಗಳ ಅವಧಿ 2027ಕ್ಕೆ ಮುಗಿಯುತ್ತದೆ.

ಕನ್ನಡಿಗರಿಗೆ ಈ ಕಥೆ ದೂರದ್ದೆನಿಸಬಾರದು. ಎಂಬತ್ತರ ದಶಕದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರೇ ಕರ್ನಾಟಕಕ್ಕೆ ಪಂಚಾಯತ್ ರಾಜ್ ಕಾಯ್ದೆಯನ್ನೂ ತಂದರು. ನೀರು ಬೇರೆ, ಸ್ಥಳೀಯ ಸರ್ಕಾರ ಬೇರೆ ಎಂದು ಅವರು ಎಣಿಸಲಿಲ್ಲ. ಇಂದು ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ನಮ್ಮ ಅಂಗಳಕ್ಕೂ ಪೈಪ್ ಬಂದಿದೆ, ಅದರ ನಿರ್ವಹಣೆ ಗ್ರಾಮ ಪಂಚಾಯಿತಿಯ ಹೆಗಲಿಗೆ ಬಂದಿದೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ನೀರುಗಂಟಿಗೆ ಎಷ್ಟು ತಿಂಗಳ ಸಂಬಳ ಬಾಕಿಯಿದೆ, ನೀರನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು, ದುರಸ್ತಿಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದಾರೆ ಎಂದು ಎದ್ದುನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಬನ್ನಿ.